ಆರನೆಯ ಸುರಂಗ

ಕಾಸರಗೋಡಿನ ಗಡಿಗೆ ಸಮೀಪದ ಅಡ್ಯನಡ್ಕದ ಬಳಿ, ಬಂಟ್ವಾಳ ತಾಲೂಕಿನ ಕೇಪು ಗ್ರಾಮದಲ್ಲಿ ಅಮೈ ಮಹಾಲಿಂಗ ನಾಯ್ಕರ ತೋಟವಿದೆ. ನಾಡು ಅವರ ಹೆಸರನ್ನು ವಿಶೇಷವಾಗಿ ಕೇಳಿದ್ದು 2022ರಲ್ಲಿ, ಪದ್ಮಶ್ರೀ ಸಂದಾಗ. ಆದರೆ ಮಕ್ಕಳಿಗೆ ಹೇಳಬೇಕಾದ ಕಥೆ ಪ್ರಶಸ್ತಿಯದಲ್ಲ; ಅದಕ್ಕೂ ನಾಲ್ಕು ದಶಕಗಳ ಹಿಂದಿನ ದುಡಿಮೆಯದು.

ನಾಯ್ಕರು ಅನ್ಯರ ತೋಟಗಳಲ್ಲಿ ಅಡಿಕೆ ಮತ್ತು ತೆಂಗಿನ ಮರವೇರಿ ಕೂಲಿ ಮಾಡುತ್ತಿದ್ದವರು. ಅವರ ನಿಷ್ಠೆಯನ್ನು ಮೆಚ್ಚಿದ ಯಜಮಾನರೊಬ್ಬರು 1978ರ ಸುಮಾರಿಗೆ ಗುಡ್ಡದ ಇಳಿಜಾರಿನಲ್ಲಿ 2 ಎಕರೆ ನೆಲವನ್ನು ಕೊಟ್ಟರು. ಹೀಗೆ ನೆಲ ಸ್ವಂತದ್ದಾಯಿತು. ಆದರೆ ಅಲ್ಲಿ ನೀರಿರಲಿಲ್ಲ. ಬಾವಿ ತೋಡಬೇಕಾದರೆ ಮಣ್ಣನ್ನು ಮೇಲೆತ್ತಲು ಮತ್ತೊಬ್ಬರ ಕೈ ಬೇಕು, ಅವರಿಗೆ ಕೊಡಲು ಹಣ ಬೇಕು. ಸುರಂಗವನ್ನಾದರೆ ಒಬ್ಬನೇ ಕೊರೆಯಬಹುದು.

ಬಾಯಾರು, ಎಣ್ಮಕಜೆಯ ಕಡೆಯ ಓದುಗರಿಗೆ ಸುರಂಗವನ್ನು ವಿವರಿಸಬೇಕಾಗಿಲ್ಲ. ಮುರಕಲ್ಲಿನ ಗುಡ್ಡದ ಒಡಲಿಗೆ ಅಡ್ಡಲಾಗಿ, ಆಳೊಬ್ಬ ನಡೆದುಹೋಗುವಷ್ಟು ಎತ್ತರದ ದಾರಿ ಕೊರೆಯುತ್ತಾರೆ. ಒರತೆ ಸಿಕ್ಕರೆ ನೀರು ತಾನಾಗಿ ಹೊರಗೆ ಹರಿದು ಕೊಳದಲ್ಲಿ ನಿಲ್ಲುತ್ತದೆ. ಅದಕ್ಕೆ ಪಂಪು ಬೇಡ, ವಿದ್ಯುತ್ತು ಬೇಡ.

ನಾಯ್ಕರು ಹಗಲು ಕೂಲಿ ಮುಗಿಸಿ ಬಂದು, ದೀಪದ ಬೆಳಕಿನಲ್ಲಿ ಗುಡ್ಡವನ್ನು ಕೊರೆದರು. ಮೊದಲ ಸುರಂಗದಲ್ಲಿ ನೀರು ದೊರೆಯಲಿಲ್ಲ. ಎರಡನೆಯದರಲ್ಲೂ ಇಲ್ಲ. ಹೀಗೆ ಐದು ಸುರಂಗಗಳ ವರ್ಷಗಟ್ಟಲೆಯ ಶ್ರಮ ಒಣಮಣ್ಣಾಯಿತು. ಕಂಡವರು ನಕ್ಕರು. ಮರುದಿನದ ಕೂಲಿಯನ್ನೇ ನಂಬಿದ ಸಂಸಾರವಿರುವಾಗ ಅಷ್ಟು ಸೋಲನ್ನು ಸಹಿಸುವುದು ಸಾಮಾನ್ಯದ ಮಾತಲ್ಲ. ಆರನೆಯ ಸುರಂಗದಲ್ಲಿ ನೀರು ಬಂತು.

ನೀರು ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಇಳಿಜಾರಿನ ಮಣ್ಣು ಮಳೆಗೆ ಕೊಚ್ಚಿಹೋಗದಂತೆ ಕಲ್ಲು ಹೊತ್ತು ತಂದು ಕಟ್ಟೆ ಕಟ್ಟಿದರು. ನೆಲವನ್ನು ತಟ್ಟುತಟ್ಟಾಗಿ ಸಮಗೊಳಿಸಿದರು. ಬೋಳುಗುಡ್ಡದಲ್ಲಿ ಅಡಿಕೆ, ತೆಂಗು, ಬಾಳೆ, ಕಾಳುಮೆಣಸು ಬೆಳೆದವು. ಕಾಗದಪತ್ರ ಒಬ್ಬನನ್ನು ಭೂಮಿಯ ಒಡೆಯನನ್ನಾಗಿ ಮಾಡಬಹುದು. ಆ ಭೂಮಿಯನ್ನು ತೋಟವನ್ನಾಗಿ ಮಾಡಿದ್ದು ಈ ದುಡಿಮೆ.

ಪರೀಕ್ಷೆಯ ಅಂಕ ಕಡಿಮೆಯಾದರೆ ಮನೆಯಲ್ಲಿ ಮೌನ ಕವಿಯುವ ಕಾಲವಿದು. ಮಕ್ಕಳ ಮುಂದೆ ಗೆದ್ದವರ ಹೆಸರುಗಳನ್ನಷ್ಟೇ ಇಡುತ್ತೇವೆ. ಅವರ ಐದು ಒಣ ಸುರಂಗಗಳ ಮಾತನ್ನು ಆಡುವುದಿಲ್ಲ. ಕನ್ನಡ ಶಾಲೆಗೆ ಕಳುಹಿಸಿದ ಮಗು ಮುಂದೆ ಏನಾದೀತೆಂಬ ಅಳುಕು ಎಷ್ಟೋ ಹೆತ್ತವರಿಗಿದೆ. ಆ ಅಳುಕಿಗೆ ನಾಯ್ಕರ ಬದುಕು ಸಿದ್ಧ ಉತ್ತರ ಕೊಡಲಾರದು. ಆದರೆ ಫಲ ಕಾಣದ ದಿನಗಳಲ್ಲೂ ಕೈಗೆತ್ತಿಕೊಂಡ ಕೆಲಸವನ್ನು ಬಿಡದಿರುವುದು ಹೇಗೆಂಬುದನ್ನು ಅದು ತೋರುತ್ತದೆ.

ಕೊಳವೆಬಾವಿಗಳ ಈ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಸುರಂಗಗಳ ಬಾಯಿಗೆ ಪೊದೆ ಬೆಳೆದಿದೆ. ಮುಂದಿನ ರಜೆಯಲ್ಲಿ ಮಕ್ಕಳನ್ನು ಅಂಥದೊಂದರ ಬಳಿಗೆ ಕರೆದೊಯ್ಯಿರಿ. ಅದನ್ನು ಕೊರೆದವರು ಯಾರೆಂದು ಅಜ್ಜನನ್ನೋ ಅಜ್ಜಿಯನ್ನೋ ಕೇಳಲು ಹೇಳಿರಿ. ನೀರು ಸಿಗದ ಸುರಂಗಗಳೂ ಇದ್ದವೇ ಎಂದು ಕೇಳಲು ಮರೆಯದಿರಲಿ.