ಹಣ್ಣಿನ ರಸಕ್ಕೆ ಚಕ್ಕೆ ಲವಂಗ: ಎಷ್ಟರ ಮಟ್ಟಿನ ಕಾವಲು?

ಕಳೆದ ಬೇಸಗೆ ರಜೆಯಲ್ಲಿ ಬಂಧುಗಳ ಮನೆಯ ಮದುವೆಯ ನಿಮಿತ್ತ ನಾವು ಹಿಂದೂಪುರಕ್ಕೂ ಅಲ್ಲಿಂದ ಕಲ್ಯಾಣದುರ್ಗಕ್ಕೂ ಹೋಗಬೇಕಾಗಿ ಬಂತು. 1953ರ ತನಕ ಆ ಊರುಗಳವರೂ ಕಾಸರಗೋಡಿನವರಾದ ನಾವೂ ಮದರಾಸಿಗೆ ಸೇರಿದವರೇ. ಬಳಿಕ ಅವರು ಆಂಧ್ರಕ್ಕೆ, ಮೂರು ವರ್ಷ ಕಳೆದು ನಾವು ಕೇರಳಕ್ಕೆ. ಮನೆಯೊಳಗೆ ಕನ್ನಡ, ಪೇಟೆಗಿಳಿದರೆ ತೆಲುಗು ಎಂಬ ಅಲ್ಲಿಯವರ ಬಾಳು ನಮ್ಮ ವಾಚಕರಿಗೆ ಹೊಸದಾಗಿ ಕಾಣಲಿಕ್ಕಿಲ್ಲ.

ಹಿಂದೂಪುರದಲ್ಲಿ ಬಸ್ಸಿಳಿದಾಗ ಉರಿಬಿಸಿಲು. ಹತ್ತಿರದ ಅಂಗಡಿಯೊಂದರಲ್ಲಿ ಮೂಸಂಬಿ ರಸ ಕೇಳಿದೆವು. ಅನಂತಪುರದ ಕಡೆ ಈ ಹಣ್ಣಿಗೆ ಚೀನಿ ಎನ್ನುತ್ತಾರೆ. ಅಲ್ಲಿನ ಒಣನೆಲದಲ್ಲಿ ಅದು ಬಹಳ ಬೆಳೆಯುತ್ತದೆ. ಅಂಗಡಿಯಾತ ರಸಕ್ಕೆ ಶುಂಠಿ ಜಜ್ಜಿ ಹಾಕಿ, ಪುದೀನ ಸೊಪ್ಪು ಹಿಸುಕಿ, ಡಬ್ಬಿಯೊಂದರಿಂದ ಚಕ್ಕೆ ಲವಂಗದ ಪುಡಿ ಉದುರಿಸಿದ. ಅಷ್ಟರ ತನಕ ಸಂತೋಷವೇ. ಆಮೇಲೆ ಗೋಣಿತಟ್ಟಿನೊಳಗಿಂದ ಮಂಜುಗಡ್ಡೆ ತೆಗೆದು ನೆಲದ ಮೇಲೆಯೇ ಒಡೆದ. ನಮ್ಮ ಮೋರೆ ನೋಡಿ ಅವನಿಗೆ ಗೊತ್ತಾಗಿರಬೇಕು. “ಚಕ್ಕೆ ಲವಂಗ ಹಾಕಿದ ಮೇಲೆ ಏನೂ ಆಗಲ್ಲ, ಕುಡೀರಿ ಸಾರ್” ಎಂದ, ಅಚ್ಚ ಕನ್ನಡದಲ್ಲಿ. ಕುಡಿದೆವು, ಏನೂ ಆಗಲಿಲ್ಲ. ಅದು ಚಕ್ಕೆಯ ಮಹಿಮೆಯೋ ನಮ್ಮ ಪುಣ್ಯವೋ ಎಂಬುದೇ ಈ ಬರಹದ ಪ್ರಶ್ನೆ.

ಆತನ ಮಾತು ಬರೇ ಅಜ್ಞಾನದ್ದಲ್ಲ. ಲವಂಗದಲ್ಲಿ ಯೂಜಿನಾಲ್, ಚಕ್ಕೆಯಲ್ಲಿ ಸಿನಮಾಲ್ಡಿಹೈಡ್, ಓಮದಲ್ಲಿ ಥೈಮಾಲ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್ ಎಂಬ ವಸ್ತುಗಳಿವೆ. ಇವು ರೋಗಾಣುವಿನ ಹೊರಪೊರೆಯನ್ನು ಕೆಡಿಸಿ ಅದನ್ನು ಕುಗ್ಗಿಸುತ್ತವೆ, ಕೆಲವನ್ನು ಕೊಲ್ಲುತ್ತವೆ. ರಾಯಲಸೀಮೆಯಲ್ಲೂ ನಮ್ಮ ಕೇರಳದಲ್ಲೂ ಶರಬತ್ತಿಗೆ ಬಳಸುವ ನನ್ನಾರಿ, ಎಂದರೆ ನಮ್ಮ ನಾಮದ ಬೇರು, ಅದರ ಪರಿಮಳಕ್ಕೆ ಕಾರಣವಾದ ವಸ್ತುವೂ ಇದೇ ಗುಣದ್ದು. ಲಿಂಬೆ, ಪುನರ್ಪುಳಿ, ಹುಣಸೆಗಳ ಹುಳಿಗೂ ಅನೇಕ ರೋಗಾಣುಗಳು ಹೆದರುತ್ತವೆ. ರಾಮನವಮಿಯ ಪಾನಕಕ್ಕೆ ಏಲಕ್ಕಿ, ಕರಿಮೆಣಸು, ಶುಂಠಿ ಹಾಕಿದವರು ರಸಾಯನಶಾಸ್ತ್ರ ಓದಿರಲಿಲ್ಲವೆಂಬುದು ನಿಜ. ಆದರೆ ಅವರ ಅನುಭವಕ್ಕೆ ಪ್ರಯೋಗಶಾಲೆ ಈಗ ಸಾಕ್ಷಿ ಹೇಳುತ್ತಿದೆ.

ಹಾಗಾದರೆ ಎಷ್ಟು ಕೊಲ್ಲುತ್ತವೆ? ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು. ಅಮೆರಿಕದಲ್ಲಿ 1996ರಲ್ಲಿ ಬಿಸಿಮಾಡದೆ ಮಾರಿದ ಸೇಬಿನ ರಸದಿಂದ ಇ. ಕೋಲಿ ಎಂಬ ರೋಗಾಣುವಿನ ಒಂದು ಕ್ರೂರ ಜಾತಿ ಹಲವರನ್ನು ಕಾಡಿತು, ಒಂದು ಮಗು ಸತ್ತಿತು. ಬಳಿಕ ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದವರು ಅದೇ ರೋಗಾಣುವನ್ನು ಸೇಬಿನ ರಸಕ್ಕೆ ಬೆರೆಸಿ, ಅದಕ್ಕೆ ಚಕ್ಕೆಪುಡಿ ಹಾಕಿ ನೋಡಿದರು. 1999ರಲ್ಲಿ ಅವರು ತಿಳಿಸಿದ ಪ್ರಕಾರ ಮೂರು ದಿನಗಳಲ್ಲಿ ನೂರಕ್ಕೆ 99.5ರಷ್ಟು ಸತ್ತವು. ಕೇಳಲು ಎಷ್ಟು ಚೆನ್ನ! ಆದರೆ ಹತ್ತು ಲಕ್ಷದಲ್ಲಿ 99.5 ಅಂಶ ಸತ್ತರೆ ಉಳಿಯುವುದು ಐದು ಸಾವಿರ. ಈ ಜಾತಿಯ ರೋಗಾಣು ಹತ್ತೋ ನೂರೋ ಹೊಟ್ಟೆ ಸೇರಿದರೂ ಕಾಯಿಲೆ ತರಬಲ್ಲದು. ಆದುದರಿಂದಲೇ ಅಮೆರಿಕ ಸರಕಾರ 2001ರಲ್ಲಿ ಮಾಡಿದ ನಿಯಮ ಒಂದು ಲಕ್ಷಕ್ಕೆ ಒಂದು ಮಾತ್ರ ಉಳಿಯುವಷ್ಟು ಶುದ್ಧಿ ಬೇಕೆನ್ನುತ್ತದೆ. ಹತ್ತು ಲಕ್ಷದಲ್ಲಿ ಹತ್ತು. ಐದು ಸಾವಿರಕ್ಕೂ ಹತ್ತಕ್ಕೂ ಇರುವ ಅಂತರವನ್ನು ಚಕ್ಕೆ ದಾಟಲಾರದು. ಮೇಲಾಗಿ ಅದು ಮೂರು ದಿನದ ಕೆಲಸ. ಅಂಗಡಿಯಲ್ಲಿ ನಮ್ಮ ಕೈಗೆ ಲೋಟ ಬರುವುದು ಮೂರು ನಿಮಿಷದಲ್ಲಿ.

ಪುಡಿಯನ್ನು ಹೆಚ್ಚು ಹಾಕೋಣವೆಂದರೆ ನಾಲಗೆ ಒಪ್ಪುವುದಿಲ್ಲ. ಲವಂಗದ ಎಣ್ಣೆಯನ್ನೇ ತಂದು ಸುರಿದರೆ ಮಕ್ಕಳಿಗೆ ವಿಷವಾದೀತು. ಹಾಲು ಸೇರಿದ ಪಾನೀಯಗಳಲ್ಲಂತೂ, ನಮ್ಮ ಪೇಟೆಯ ಮಕ್ಕಳಿಗೆ ಪ್ರಾಣಪ್ರಿಯವಾದ ಶಾರ್ಜಾ ಶೇಕಿನಂಥವುಗಳಲ್ಲಿ, ಹಾಲಿನ ಕೊಬ್ಬು ಈ ವಸ್ತುಗಳನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುವುದರಿಂದ ಅವುಗಳ ಶಕ್ತಿ ಇನ್ನೂ ಇಳಿಯುತ್ತದೆ. ಬಚ್ಚಂಗಾಯಿ, ಕರಬೂಜ, ಪಪ್ಪಾಯಿಗಳಲ್ಲಿ ಹುಳಿಯ ಕಾವಲೂ ಇಲ್ಲ. ಸಿಪ್ಪೆಯ ಮೇಲಿನ ಮಣ್ಣಿನ ರೋಗಾಣುವನ್ನು ಕತ್ತಿಯೇ ಒಳತಿರುಳಿಗೆ ಒಯ್ಯುತ್ತದೆ. ಅನುಕೂಲ ಸಿಕ್ಕಿದರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಕೊಯ್ದಿಟ್ಟ ಹೋಳಿನ ಒಂದು ರೋಗಾಣು ಸಂಜೆ ನಾಲ್ಕಕ್ಕೆ 2,62,144. ನಮ್ಮ ಎಂಟನೆಯ ತರಗತಿಯವರು ಕರಿಹಲಗೆಯ ಮೇಲೆ ಈ ಲೆಕ್ಕ ಮಾಡಿ ಬೆರಗಾದರು.

ಇನ್ನೊಂದು ಮಾತನ್ನೂ ಹೇಳಬೇಕು. ಹಿಂಡಿಟ್ಟ ಮೂಸಂಬಿ ರಸ ಹೊತ್ತು ಕಳೆದ ಹಾಗೆ ಕಹಿಯಾಗುತ್ತದೆ. ಹಿಂಡಿದ ಮೇಲೆ ಹುಳಿಯ ಸಂಪರ್ಕದಿಂದ ಲಿಮೋನಿನ್ ಎಂಬ ಕಹಿವಸ್ತು ಉಂಟಾಗುವುದೇ ಇದಕ್ಕೆ ಕಾರಣ. ಇದು ವಿಷವಲ್ಲ, ರಸ ಹಳತಾಯಿತೆಂದು ನಾಲಗೆಗೆ ಸಿಗುವ ಸೂಚನೆ. ಶುಂಠಿ, ಚಕ್ಕೆ ಆ ಸೂಚನೆಯನ್ನೇ ಮುಚ್ಚಿಬಿಡುತ್ತವೆ. ಕಾವಲಿಗೆಂದು ನಿಲ್ಲಿಸಿದವನು ಕಳ್ಳನಿಗೆ ಬಾಗಿಲು ತೆರೆದ ಹಾಗೆ.

ಕಲ್ಯಾಣದುರ್ಗದ ಮದುವೆಮನೆಯಲ್ಲಿ ನಾವು ಕಂಡದ್ದು ಬೇರೆ ಬಗೆ. ಹಿಂದೂಪುರದ ಮಾರುಕಟ್ಟೆಯಿಂದ ತಂದ ಹುಣಸೆಹಣ್ಣು, ಬೆಲ್ಲಗಳ ಪಾನಕ. ಅದನ್ನು ಮಾಡುತ್ತಿದ್ದ ಹಿರಿಯಮ್ಮ ಹಿಂದಿನ ರಾತ್ರಿಯೇ ದೊಡ್ಡ ಹಂಡೆಯಲ್ಲಿ ನೀರಿಗೆ ಶುಂಠಿ, ಚಕ್ಕೆ, ಮೆಣಸು ಹಾಕಿ ಚೆನ್ನಾಗಿ ಕುದಿಸಿ, ಮುಚ್ಚಿ ಆರಲು ಬಿಟ್ಟಿದ್ದರು. “ಹಸಿನೀರು ಬೆರೆಸಬಾರದು ಕಣಪ್ಪ” ಎಂದರು. ಇಲ್ಲಿದೆ ನೋಡಿ ವ್ಯತ್ಯಾಸ. ಕುದಿಯುವ ನೀರು ರೋಗಾಣುವನ್ನು ಮುಗಿಸಿತು. ಮಸಾಲೆಯ ಸತ್ವ ಅದೇ ನೀರಿಗೆ ಇಳಿಯಿತು. ಹುಣಸೆಯ ಹುಳಿ ಮತ್ತೆ ಬಂದು ಸೇರುವ ಒಂದೆರಡನ್ನು ತಡೆಯಿತು. ಮುಖ್ಯ ಕೆಲಸ ಬೆಂಕಿಯದು, ಉಳಿದವು ಅದರ ಸಹಾಯಕರು. ಹಣ್ಣಿನ ರಸಕ್ಕೆ ಬೆರೆಸುವ ನೀರೂ ಮಂಜುಗಡ್ಡೆಯೂ ಇಂಥ ಕುದಿಸಿ ಆರಿಸಿದ ನೀರಿನವಾದರೆ, ಹಣ್ಣು ಕತ್ತಿ ಕೈಗಳನ್ನು ತೊಳೆದಿದ್ದರೆ, ಕಣ್ಣೆದುರೇ ಹಿಂಡಿ ಕೊಟ್ಟರೆ, ಆಗ ಚಕ್ಕೆ ಲವಂಗಕ್ಕೆ ನಾವು ಎರಡು ಕೈಯೆತ್ತಿ ಮುಗಿಯುತ್ತೇವೆ.

ನಮ್ಮ ಜಿಲ್ಲೆಗೆ ಇದು ದೂರದ ಕಥೆಯಲ್ಲ. 2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮ ತಿಂದು ಒಬ್ಬ ವಿದ್ಯಾರ್ಥಿನಿ ತೀರಿಕೊಂಡದ್ದು ಯಾರಿಗೂ ಮರೆತಿಲ್ಲ. ಅಲ್ಲಿ ಪತ್ತೆಯಾದ ಶಿಗೆಲ್ಲ ನೀರು, ಕೈಗಳ ಮೂಲಕವೂ ಹರಡುವಂಥದು. ಬೇಸಗೆಯ ಕಾಮಾಲೆಯ ವೈರಸ್ಸಂತೂ ಮಂಜುಗಡ್ಡೆಯಲ್ಲಿ ಹಾಯಾಗಿ ಬದುಕಿರುತ್ತದೆ. ತಿನ್ನಲು ಯೋಗ್ಯವಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಹಾಕಬೇಕೆಂದು 2018ರಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ ಹೇಳಿತು. ಆ ನೀಲಿಯ ಅರ್ಥ ನಮ್ಮ ಗಡಿಭಾಗದ ಎಷ್ಟು ತಾಯಂದಿರಿಗೆ ಗೊತ್ತಿದೆ? ಎಚ್ಚರಿಕೆಯ ಫಲಕ ಮಲಯಾಳದಲ್ಲಿ ಮಾತ್ರ ಇದ್ದರೆ ಕನ್ನಡ ಮಾತ್ರ ಓದಬಲ್ಲ ಅಜ್ಜಿ ಮೊಮ್ಮಗನಿಗೆ ಯಾವ ಲೋಟವನ್ನು ಬೇಡವೆನ್ನಬೇಕು? ಭಾಷೆಯ ಅಭಿಮಾನದ ಮಾತು ಹಾಗಿರಲಿ, ಇದು ಹೊಟ್ಟೆಯ ಮಾತು. ಪಂಚಾಯತುಗಳು ಬೇಸಗೆಗೆ ಮುನ್ನವೇ ರಸದಂಗಡಿಯವರನ್ನು ಕರೆದು ಎರಡೂ ಭಾಷೆಗಳಲ್ಲಿ ತಿಳಿಹೇಳಬೇಕು. ಮಂಜುಗಡ್ಡೆಯ ಕಾರ್ಖಾನೆಗಳ ನೀರನ್ನು ಪರೀಕ್ಷಿಸಬೇಕು. ತಳ್ಳುಗಾಡಿಯವನಿಗೆ ದಂಡ ಹಾಕುವುದು ಅದರ ಬಳಿಕದ ಮಾತು.

ಹಿಂದಿರುಗುವಾಗ ಹಿಂದೂಪುರದ ಆ ಅಂಗಡಿಗೆ ಮತ್ತೆ ಹೋಗಿ ಕುದಿಸಿದ ನೀರಿನ ವಿಚಾರ ಹೇಳಿದೆವು. ಆತ ಸಿಟ್ಟಾಗಲಿಲ್ಲ. “ಗ್ಯಾಸಿನ ರೇಟು ಎಷ್ಟಾಗಿದೆ ಗೊತ್ತಾ ಸಾರ್? ಲೋಟಕ್ಕೆ ಎರಡು ರೂಪಾಯಿ ಜಾಸ್ತಿ ಅಂದ್ರೆ ನೀವು ಕೊಡ್ತೀರಾ?” ಎಂದು ಕೇಳಿದ. ಕೊಡುತ್ತೇವೆ ಎಂದೆವು. ನಮ್ಮ ಹಿಂದೆ ನಿಂತಿದ್ದ ನಾಲ್ವರು ಗಿರಾಕಿಗಳು ಏನೂ ಹೇಳಲಿಲ್ಲ.