ಮನೆಗೊಂದು ಪುಟ್ಟ ಕ್ಯಾಮರಾ

ಮೊಬೈಲು ಕೈಯಲ್ಲಿರುವಾಗ ಬೇರೆ ಕ್ಯಾಮರಾ ಏತಕ್ಕೆಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. 2010ರಲ್ಲಿ ಜಗತ್ತಿನ ಕಾರ್ಖಾನೆಗಳಿಂದ 12 ಕೋಟಿಗೂ ಮೀರಿ ಡಿಜಿಟಲ್ ಕ್ಯಾಮರಾಗಳು ಹೊರಬಿದ್ದವು. ಅಲ್ಲಿಂದೀಚೆಗೆ ಆ ವ್ಯಾಪಾರವನ್ನು ಮೊಬೈಲು ಬಹುಮಟ್ಟಿಗೆ ನುಂಗಿಬಿಟ್ಟಿದೆ. ಆದರೂ ನಮ್ಮ ಮೊದಲ ಸಂಬಳಗಳಲ್ಲಿ ಉಳಿಸಿ ಕೊಂಡ ಕೆನಾನ್ ಪವರ್‌ಶಾಟ್ ಎ480 ಇನ್ನೂ ಮನೆಯಲ್ಲುಂಟು. 2009ರಲ್ಲಿ ಬಂದ ಮಾದರಿ. ಅಂಗಿಯ ಜೇಬಿಗೆ ಹಿಡಿಸುವಷ್ಟು ಚಿಕ್ಕದು.

ಗಡಿಯಾರಕ್ಕೆ ಹಾಕುವ ಎರಡು ಪೆನ್ಸಿಲ್ ಸೆಲ್ ಇದ್ದರೆ ಇದು ನಡೆಯುತ್ತದೆ; ಸೆಲ್ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಕ್ಕೀತು. ಸಾಧಾರಣ ಸೆಲ್‌ಗಳು ಬೇಗ ಸೋಲುವುದರಿಂದ, ಚಾರ್ಜ್ ಮಾಡಬಲ್ಲ ನಿಕಲ್ ಸೆಲ್‌ಗಳನ್ನು ಕೊಳ್ಳುವುದು ಲೇಸು. ದೂರದ್ದನ್ನು ಹತ್ತಿರ ತರುವ ಝೂಮ್ 3.3 ಪಟ್ಟು. ಅದರಾಚೆಗಿನ ಡಿಜಿಟಲ್ ಝೂಮ್ ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಉಪಾಯ. ಅದನ್ನು ಮುಟ್ಟದಿರುವುದೇ ಮೇಲು. ಗುಂಡಿಯನ್ನು ಮೊದಲು ಅರ್ಧ ಒತ್ತಿ, ಚಿತ್ರ ನಿಚ್ಚಳವಾದ ಮೇಲೆ ಪೂರ್ತಿ ಒತ್ತಬೇಕು. ಫ್ಲ್ಯಾಶಿನ ಬೆಳಕು ಹತ್ತಡಿಯಾಚೆ ಸಾಗದು. ಮದುವೆ ಛತ್ರದಲ್ಲಿ ಹಿಂದಿನ ಸಾಲಿನಿಂದ ತೆಗೆದು ಪ್ರಯೋಜನವಿಲ್ಲ. ಕೈ ನಡುಕವನ್ನು ಸರಿಪಡಿಸುವ ಏರ್ಪಾಡೂ ಇದರಲ್ಲಿಲ್ಲ. ಮಬ್ಬು ಬೆಳಕಿನಲ್ಲಿ ಕಂಬಕ್ಕೋ ಗೋಡೆಗೋ ಒರಗಿ ನಿಂತರೆ ಕೆಲಸ ಸಾಗುತ್ತದೆ.

ಇದರ ದೊಡ್ಡ ಗುಣ ಬೇರೆ. ಇದನ್ನು ಮಗುವಿನ ಕೈಗೆ ಕೊಡಬಹುದು. ಮೊಬೈಲು ಕೊಟ್ಟರೆ ಮಗು ಚಿತ್ರ ನೋಡುತ್ತದೆ. ಕ್ಯಾಮರಾ ಕೊಟ್ಟರೆ ಚಿತ್ರ ತೆಗೆಯುತ್ತದೆ. ಒಂದು ಬೇಸಗೆ ರಜೆಯಲ್ಲಿ ಗದಗಿಗೆ ಹೋದಾಗ ನಮ್ಮ ಎಂಟು ವರ್ಷದ ಮಗಳು ಅಡಿಗೆಮನೆ ಹೊಕ್ಕು, “ಅಜ್ಜಿ, ನನ್ನ ಕಡೆ ನೋಡಬ್ಯಾಡ, ರೊಟ್ಟಿ ನೋಡು,” ಎಂದು ಅಪ್ಪಣೆ ಮಾಡಿದಳು. ನಮ್ಮ ತಾಯಿಯವರು ಕ್ಯಾಮರಾ ಕಂಡೊಡನೆ ಸೆರಗು ಸರಿಮಾಡಿ ಸೆಟೆದು ಕೂಡುವವರು. ಅಂದು ಹಿತ್ತಲ ಬಾಗಿಲ ಬೆಳಕಿನಲ್ಲಿ, ಕೈ ತುಂಬ ಜೋಳದ ಹಿಟ್ಟು, ತುಟಿಯಲ್ಲಿ ತಡೆದ ನಗೆ.

ಮರುವರ್ಷ ಅವರು ತೀರಿಕೊಂಡರು. ಮನೆಮಂದಿಯೆಲ್ಲ ಮೊಬೈಲುಗಳನ್ನು ತಡಕಿದೆವು. ಕೊನೆಗೆ ಗೋಡೆಗೆ ಏರಿದುದು ಆ ಚಿತ್ರ. 10 ಮೆಗಾಪಿಕ್ಸೆಲ್ ಎಂದರೆ ಒಂದು ಕೋಟಿ ಬಿಂದುಗಳು. 12 ಅಂಗುಲಕ್ಕೆ 9 ಅಂಗುಲದ ಪ್ರತಿಗೆ ಅಷ್ಟು ಧಾರಾಳವಾಗಿ ಸಾಕು. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ಅಜ್ಜಿ ಎಂದರೆ ವರ್ಷಕ್ಕೆ ಹದಿನೈದು ದಿನ. ಈಗ ಮಗಳು ಶಾಲೆಗೆ ಹೊರಡುವಾಗ ಅತ್ತ ಒಮ್ಮೆ ನೋಡಿ ಹೋಗುತ್ತಾಳೆ.

ಇಂಥ ಹಳೆಯ ಕ್ಯಾಮರಾ ಅನೇಕರ ಕಪಾಟಿನಲ್ಲಿ ಮಲಗಿರಬೇಕು. ಹಳೆಯ ಸೆಲ್ ಒಸರಿ ಒಳಗೆ ಕಿಲುಬು ಹಿಡಿದಿದೆಯೇ ನೋಡಿ, ಒರೆಸಿ, ಹೊಸದು ಹಾಕಿರಿ. ತಾರೀಖು ಸರಿಪಡಿಸಿರಿ. ಊರಿಗೆ ಹೋಗುವಾಗ ಮಕ್ಕಳ ಕೈಗೆ ಕೊಡಿರಿ. ಮರಳಿ ಬಂದ ಮೇಲೆ ಹತ್ತಾದರೂ ಚಿತ್ರಗಳ ಪ್ರತಿ ತೆಗೆಸಿ, ಬೆನ್ನ ಮೇಲೆ ಹೆಸರು, ಊರು, ಇಸವಿಯನ್ನು ಕನ್ನಡದಲ್ಲಿ ಬರೆದಿಡಿರಿ. ಬರೆಯುವ ಕೆಲಸವನ್ನೂ ಮಕ್ಕಳಿಗೇ ಒಪ್ಪಿಸಿದರೆ ಇನ್ನೂ ಒಳ್ಳೆಯದು.