ಭೀಮಾ–ಅಮರ್ಜಾ ನಡುಗಡ್ಡೆಗಳ ಸಂರಕ್ಷಣೆಯನ್ನು ಕುರಿತು ಮನವಿ ಪತ್ರ

ಕರ್ನಾಟಕ ರಾಜ್ಯ ವನ್ಯಜೀವಿ ಮಂಡಳಿಯ ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರ ಸನ್ನಿಧಿಗೆ, ಕಲಬುರಗಿ ಜಿಲ್ಲಾಧಿಕಾರಿಗಳ ಮುಖಾಂತರ.

ವಿಷಯ: ಅಮರ್ಜಾ ಜಲಾಶಯ, ಸೊನ್ನ ಬ್ಯಾರೇಜು ಹಾಗೂ ಭೀಮಾ ಪಾತ್ರದ ನಡುಗಡ್ಡೆಗಳನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸುವ ಬಗ್ಗೆ.

ಮಾನ್ಯರೆ,

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಜನಿಸಿದ ಭೀಮೆಯು ಅಫಜಲಪುರ ಮತ್ತು ಜೇವರ್ಗಿ ಸೀಮೆಗಳನ್ನು ತೋಯಿಸುತ್ತ ಹರಿಯುವಲ್ಲಿಯೂ, ಆಳಂದದ ನೆಲದಲ್ಲಿಯೇ ಹುಟ್ಟಿ, ಕೋರಳ್ಳಿಯ ಒಡ್ಡಿನ ಹಿಂದೆ ಕೆಲಕಾಲ ತಂಗಿ, ದೇವಲ ಗಾಣಗಾಪುರದ ಸಂಗಮದಲ್ಲಿ ಅವಳನ್ನು ಕೂಡಿಕೊಳ್ಳುವ ಅಮರ್ಜೆಯಲ್ಲಿಯೂ, ಮಾಘ ಫಾಲ್ಗುಣಗಳಲ್ಲಿ ನೀರು ಇಳಿದಂತೆ ತಲೆಯೆತ್ತಿ, ಮುಂಗಾರಿನ ಮೊದಲ ಪ್ರವಾಹಕ್ಕೆ ಮರಳಿ ಮುಳುಗುವ ಉಸುಕಿನ ದಿಬ್ಬಗಳನ್ನೂ ಕಲ್ಲುಗಡ್ಡೆಗಳನ್ನೂ ಕುರಿತು, ಈ ಮೂರು ತಾಲ್ಲೂಕುಗಳ ನದೀತೀರದ ನಿವಾಸಿಗಳಾದ ನಾವು ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುತ್ತಿದ್ದೇವೆ. ವರ್ಷದಲ್ಲಿ ನಾಲ್ಕು ತಿಂಗಳು ಮಾತ್ರ ಇರುವ ನೆಲಕ್ಕೆ ಒಡೆಯರಿರುವುದಿಲ್ಲ. ಒಡೆಯರಿಲ್ಲದುದಕ್ಕೆ ಕಾವಲೂ ಇರುವುದಿಲ್ಲ.

ಈ ದಂಡೆಯ ಇತಿಹಾಸವನ್ನು ವಿಸ್ತರಿಸಿ ಹೇಳುವುದು ಮನವಿ ಪತ್ರದ ಕೆಲಸವಲ್ಲ. ಬಹಮನಿ ಸುಲ್ತಾನ ಫಿರೋಜಶಹನು ಸುಮಾರು 1400ರಲ್ಲಿ ಮೂರು ಕಡೆ ಕೋಟೆಗೋಡೆಯನ್ನೆತ್ತಿ, ನಾಲ್ಕನೆಯ ಕಡೆಗೆ ಭೀಮೆಯನ್ನೇ ನಂಬಿ ಫಿರೋಜಾಬಾದನ್ನು ಕಟ್ಟಿದನೆಂಬುದನ್ನೂ, ಮುಂದೆ ಅದೇ ಶತಮಾನದಲ್ಲಿ ಶ್ರೀ ನರಸಿಂಹ ಸರಸ್ವತಿಗಳು ಸಂಗಮದ ಔದುಂಬರದ ನೆರಳನ್ನು ಆಶ್ರಯಿಸಿದರೆಂಬುದನ್ನೂ ಸ್ಮರಿಸಿದರೆ ಸಾಕು. ಸುಲ್ತಾನನ ನಗರ ಹಾಳುಬಿದ್ದಿತು; ಯತಿಗಳ ಸಂಗಮಕ್ಕೆ ಇಂದಿಗೂ ಜನ ಬಂದು ಮೀಯುತ್ತಾರೆ. ಹೊಳೆಯ ದಂಡೆಯಲ್ಲಿ ಬಾಳಿದ ಅಂಬಿಗರೂ ಕುರುಬರೂ ಅಗಸರೂ ಬರೆದಿಟ್ಟ ಚರಿತ್ರೆ ಇಲ್ಲವಾದರೂ, ಯಾವ ದಿಬ್ಬ ಯಾವ ಮಾಸದಲ್ಲಿ ಏಳುತ್ತದೆ, ಯಾವ ಮಡುವು ಬೇಸಿಗೆಯಲ್ಲಿಯೂ ಬತ್ತದೆಂಬ ಜ್ಞಾನವು ಯಾವ ಇಲಾಖೆಯ ನಕ್ಷೆಗಿಂತಲೂ ಅವರಲ್ಲಿ ಹೆಚ್ಚು ಖಚಿತವಾಗಿದೆ.

ನಮ್ಮ ಪ್ರಾರ್ಥನೆಗೆ ಮುಖ್ಯ ಕಾರಣವಾಗಿರುವುದು ರೀವವೆಂಬ ಹಕ್ಕಿ. ಕರಿಯ ಟೊಪ್ಪಿಗೆ, ಹಳದಿಯ ಕೊಕ್ಕು, ಕವಲೊಡೆದ ಬಾಲವುಳ್ಳ ಈ ನದಿ ರೀವವು ಗಿಡದ ಮೇಲೆ ಗೂಡು ಕಟ್ಟುವುದಿಲ್ಲ. ಬರಿಯ ಉಸುಕಿನಲ್ಲಿ ದನದ ಗೊರಸು ಊರಿದಷ್ಟು ಕುಳಿಯನ್ನು ಎದೆಯಿಂದ ಒತ್ತಿ ಮಾಡಿ, ಉಸುಕಿನ ಬಣ್ಣಕ್ಕೇ ಕಲೆಕಲೆಯಾದ ಎರಡೋ ಮೂರೋ ತತ್ತಿಗಳನ್ನಿಟ್ಟು, ಮೂರು ವಾರಗಳಷ್ಟು ಕಾಲ ಕಾವು ಕೊಡುತ್ತದೆ. ನಮ್ಮ ಕಡೆಯ ಚೈತ್ರದ ಬಿಸಿಲನ್ನು ಬಲ್ಲವರಿಗೆ ಆ ಉಸುಕಿನ ಕಾವು ಎಂತಹುದೆಂದು ಹೇಳಬೇಕಾಗಿಲ್ಲ. ತಾಯಿಹಕ್ಕಿಯು ನಡುಹಗಲಿನಲ್ಲಿ ನೀರಿಗೆ ಹಾರಿ, ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಹನಿಯುವ ಮೈಯಿಂದಲೇ ತತ್ತಿಗಳ ಮೇಲೆ ಕುಳಿತು ಅವುಗಳನ್ನು ತಣಿಸುತ್ತದೆ. ಮನುಷ್ಯನೋ ನಾಯಿಯೋ ದಿಬ್ಬವನ್ನು ಹತ್ತಿದರೆ ಹಕ್ಕಿಗಳೆಲ್ಲ ಒಮ್ಮೆಗೆ ಮೇಲೆದ್ದು ಕೂಗತೊಡಗುತ್ತವೆ. ನೋಡುವವರು ಅದನ್ನು ವಿನೋದವೆಂದು ಭಾವಿಸಿ ಇನ್ನಷ್ಟು ಹೊತ್ತು ನಿಲ್ಲುತ್ತಾರೆ, ಅಷ್ಟರಲ್ಲಿ ತತ್ತಿ ಬೆಂದುಹೋಗುತ್ತದೆ. ಜಗತ್ತಿನ ಅಪಾಯಗ್ರಸ್ತ ಜೀವಿಗಳ ಕೆಂಪು ಪಟ್ಟಿಯಲ್ಲಿ ಈ ಹಕ್ಕಿಯು 2020ರಲ್ಲಿ ಇನ್ನೂ ಒಂದು ಮೆಟ್ಟಿಲು ಅಪಾಯದ ಕಡೆಗೆ ಸರಿದಿದೆ.

ನಡುಗಡ್ಡೆಯ ರಕ್ಷಣೆಯೆಂದರೆ ವಸ್ತುತಃ ನೀರಿನ ಮಟ್ಟದ ರಕ್ಷಣೆ. ನೀರು ಅತಿಯಾಗಿ ಇಳಿದರೆ ದಿಬ್ಬವು ದಂಡೆಗೆ ಕೂಡಿಕೊಂಡು ನಾಯಿ ನರಿಗಳಿಗೆ ದಾರಿಯಾಗುತ್ತದೆ. ಮೇಲಿನಿಂದ ಒಮ್ಮೆಲೆ ಬಿಟ್ಟರೆ ಒಂದೇ ರಾತ್ರಿಯಲ್ಲಿ ಗೂಡುಗಳೆಲ್ಲ ಕೊಚ್ಚಿಹೋಗುತ್ತವೆ. 1980ರಲ್ಲಿ ಮುಗಿದ ಸೊಲ್ಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನ ತರುವಾಯ ನಮ್ಮ ಭೀಮೆಯ ಬೇಸಿಗೆಯು ಮೇಲಿನವರ ಬಾಗಿಲುಗಳ ಅಧೀನವಾಗಿದೆ. ಅದೇ ಉಜನಿಯ ಹಿನ್ನೀರಿನಲ್ಲಿ, ಭಿಗವಣದ ಬಳಿ, ರಾಜಹಂಸಗಳು ನೆರೆಯುತ್ತವೆಂದು ದೂರದೂರದ ಜನ ನೋಡಹೋಗುತ್ತಾರೆ. ಕೆಳಗಿನ ನಮಗೆ ಹಕ್ಕಿಯೂ ಇಲ್ಲ, ನೀರೂ ಇಲ್ಲ ಎನ್ನುವ ಸ್ಥಿತಿ. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ಹೊಳೆಗೆ ನೀರು ಬಿಡಿಸಿರೆಂದು ಕೂಗುವವರಲ್ಲಿ ನಾವೂ ಸೇರಿದ್ದೇವೆ, ಮತ್ತು ಹಕ್ಕಿಯ ತತ್ತಿಗಿಂತ ಕೂಸಿನ ದಾಹವೇ ಮೊದಲೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಫೆಬ್ರವರಿಗೆ ಮೊದಲೇ ಬಿಡುವುದು, ಆಮೇಲೆ ಬಿಡಬೇಕಾದರೆ ಸಣ್ಣ ಧಾರೆಯಾಗಿ ಎಡೆಬಿಡದೆ ಬಿಡುವುದು, ಇವೆರಡರಿಂದ ದಾಹವೂ ತೀರುತ್ತದೆ, ದಿಬ್ಬವೂ ಉಳಿಯುತ್ತದೆ. ಇಂತಹ ಗೇಟು ನಿರ್ವಹಣೆಯ ವಿಧಿಯೊಂದನ್ನು ಸೊನ್ನ ಬ್ಯಾರೇಜಿಗೂ ಅಮರ್ಜಾ ಜಲಾಶಯಕ್ಕೂ ರೂಪಿಸುವಂತೆ ಜಲಸಂಪನ್ಮೂಲ ಇಲಾಖೆಗೆ ಮಂಡಳಿಯು ಸಲಹೆ ಮಾಡಬೇಕು. ನಮ್ಮ ಬೇಡಿಕೆಗಳಲ್ಲಿ ಇದೇ ಮೊದಲನೆಯದು. ಇದೊಂದು ಈಡೇರದಿದ್ದರೆ ಮಿಕ್ಕವು ಕಾಗದದ ಮೇಲೆಯೇ ಉಳಿಯುತ್ತವೆ.

ಮಾನವನಿರ್ಮಿತ ಜಲಾಶಯಕ್ಕೆ ಸಂರಕ್ಷಣೆಯೇಕೆಂದು ಆಕ್ಷೇಪಿಸುವವರಿಗೆ ರಂಗನತಿಟ್ಟು ಉತ್ತರವಾಗಿದೆ. ಕಂಠೀರವ ನರಸರಾಜ ಒಡೆಯರ ಕಾಲದ, 17ನೆಯ ಶತಮಾನದ ಕಟ್ಟೆಯಿಂದಲೇ ಆ ತಿಟ್ಟುಗಳು ಉಂಟಾದವು. ಸಲೀಂ ಅಲಿಯವರ ಸಲಹೆಯಂತೆ ಅದು 1940ರಲ್ಲಿ ಪಕ್ಷಿಧಾಮವಾಯಿತು, 2022ರಲ್ಲಿ ರಾಮ್ಸಾರ್ ತಾಣವಾಯಿತು. ಭದ್ರಾ ಜಲಾಶಯದಲ್ಲಿ ನೀರಿಳಿದಾಗ ಏಳುವ ನಡುಗಡ್ಡೆಗಳ ಮೇಲೆ ಪ್ರತಿವರ್ಷ ರೀವಗಳು ಸಾವಿರಗಟ್ಟಲೆ ನೆರೆದು ಮರಿಮಾಡುತ್ತವೆ. ಅವು ಸುರಕ್ಷಿತವಾಗಿರುವುದಕ್ಕೆ ಸುತ್ತಲಿನ ಅಭಯಾರಣ್ಯದ ಕಟ್ಟುನಿಟ್ಟೇ ಕಾರಣ. ಹಕ್ಕಿಗಳ ತಾಣವಾಗಿರುವ ನಮ್ಮ ನೆರೆಯ ಸುರಪುರದ ಬೋನಾಳ ಕೆರೆಯೂ ನಾಯಕ ಅರಸರು ಕಟ್ಟಿಸಿ, ಬ್ರಿಟಿಷ್ ಅಧಿಕಾರಿ ಟೇಲರ್ ಸಾಹೇಬರು ದುರಸ್ತಿ ಮಾಡಿಸಿದ ನೀರಾವರಿಯ ಕೆರೆಯೇ ಅಲ್ಲವೆ?

ಕಾನೂನಿನ ತೊಡಕು ಇಲ್ಲದಿಲ್ಲ. 2017ರ ಜೌಗುಪ್ರದೇಶ ನಿಯಮಗಳು ನದೀಪಾತ್ರವನ್ನೂ ನೀರಾವರಿಗೆಂದೇ ಕಟ್ಟಿದ ಜಲಾಶಯವನ್ನೂ ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿರುವುದರಿಂದ ಆ ಬಾಗಿಲು ನಮಗೆ ಮುಚ್ಚಿದೆ. ಆದಕಾರಣ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 36ಎ ಪ್ರಕರಣದಂತೆ, ಸ್ಥಳೀಯ ಜನರೊಡನೆ ಸಮಾಲೋಚಿಸಿ, ಈ ಸರ್ಕಾರಿ ನೆಲವನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿ ಘೋಷಿಸಬೇಕೆಂದು ಕೋರುತ್ತೇವೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರವೆಂಬ ಹಳ್ಳಿಯ ಕೆರೆಗೆ 2017ರಲ್ಲಿ ಈ ಸ್ಥಾನ ದೊರೆತು, 2024ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ಜೊತೆಗೆ ಅದೂ ರಾಮ್ಸಾರ್ ಪಟ್ಟಿಯನ್ನು ಸೇರಿತು. ಅಧಿನಿಯಮವು ವಿಧಿಸುವ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿರುವುದು ಸರಿಯೇ. ಬಲೆ ಬೀಸುವವರನ್ನೂ ಕುರಿ ಕಾಯುವವರನ್ನೂ ಅಲ್ಲಿಗೆ ಕರೆಯಬೇಕೆಂಬುದು ನಮ್ಮ ಅಧಿಕ ಪ್ರಾರ್ಥನೆ. ಅವರ ಮೀನುಗಾರಿಕೆಯನ್ನು ನಿಷೇಧಿಸುವ ಯಾವ ಘೋಷಣೆಗೂ ನಮ್ಮ ಸಮ್ಮತಿಯಿಲ್ಲ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಗೂಡಿರುವ ದಿಬ್ಬಗಳ ಮೇಲೆ ಕಾಲಿಡದಿರುವ ನಿರ್ಬಂಧ ಮಾತ್ರ ಸಾಕು, ಮತ್ತು ಆ ಅವಧಿಯಲ್ಲಿ ಕಾವಲಿನ ಕೆಲಸವನ್ನು ಕೂಲಿ ಕೊಟ್ಟು ಅವರಿಗೇ ವಹಿಸಬೇಕು. ಗೂಡಿನ ದಿಬ್ಬಗಳಿಂದ ಉಸುಕು ತೆಗೆಯುವುದನ್ನಾದರೋ ಎಲ್ಲ ಕಾಲಕ್ಕೂ ನಿಲ್ಲಿಸಬೇಕು.

ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ರಕ್ಷಣೆಯ ಹೆಸರಿನಲ್ಲಿ ಸಿಮೆಂಟಿನ ಕೊಕ್ಕರೆ, ಹುಲ್ಲುಹಾಸು, ಬಣ್ಣದ ದೀಪ, ದಿಬ್ಬದವರೆಗೆ ಕಾಲುಸೇತುವೆ ಇವುಗಳನ್ನು ದಯಮಾಡಿ ಮಂಜೂರು ಮಾಡಬಾರದು. ನಮ್ಮ ಮಕ್ಕಳು ಹೊಳೆಯಲ್ಲಿ ಈಜಬೇಕು, ತೆಪ್ಪದಲ್ಲಿ ಕೂರಬೇಕು, ದಂಡೆಯ ಮೇಲೆ ಬುತ್ತಿ ಬಿಚ್ಚಬೇಕು, ದೂರದರ್ಶಕದಿಂದ ಹಕ್ಕಿಯನ್ನು ನೋಡಬೇಕು. ಅದಕ್ಕೆ ದಂಡೆಯಲ್ಲೊಂದು ಜಾಲಿಮರದ ನೆರಳೂ ಕುಡಿಯುವ ನೀರಿನ ನಲ್ಲಿಯೂ ಸಾಕಾಗುತ್ತದೆ.

ಘೋಷಣೆಗೆ ಪೂರ್ವಭಾವಿಯಾಗಿ, ಬರುವ ಬೇಸಿಗೆಯಲ್ಲಿಯೇ ಅರಣ್ಯ, ಕಂದಾಯ, ಜಲಸಂಪನ್ಮೂಲ ಇಲಾಖೆಗಳ ಜಂಟಿ ತಂಡವೊಂದು ಕೋರಳ್ಳಿಯಿಂದ ಸಂಗಮದವರೆಗೂ, ಸೊನ್ನದಿಂದ ಜೇವರ್ಗಿಯ ದಂಡೆಯವರೆಗೂ ಅಂಬಿಗರನ್ನು ಜೊತೆಗಿಟ್ಟುಕೊಂಡು ದಿಬ್ಬಗಳ ನಕ್ಷೆ ತಯಾರಿಸುವಂತೆ ಆದೇಶಿಸಬೇಕು. ಸಾರ್ವಜನಿಕ ಅಹವಾಲಿನ ಸಭೆಯನ್ನು ಬೆಂಗಳೂರಿನಲ್ಲಿಯಾಗಲಿ ಕಲಬುರಗಿಯಲ್ಲಿಯಾಗಲಿ ಏರ್ಪಡಿಸದೆ ದೇವಲ ಗಾಣಗಾಪುರದಲ್ಲಿ ನಡೆಸಬೇಕೆಂದೂ, ಅದರ ದಿನಾಂಕವನ್ನು ಸಂಬಂಧಪಟ್ಟ ಪಂಚಾಯಿತಿಗಳಲ್ಲಿ ಡಂಗುರ ಸಾರಿಸಿ ಮುಂಚಿತವಾಗಿ ತಿಳಿಯಪಡಿಸಬೇಕೆಂದೂ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಧೇಯರು,
ಆಳಂದ, ಅಫಜಲಪುರ ಹಾಗೂ ಜೇವರ್ಗಿ ತಾಲ್ಲೂಕುಗಳ ನದೀತೀರದ ನಿವಾಸಿಗಳು